ಪೂರ್ತಿ ನಗುವೂ ಅಲ್ಲ, ಪೂರ್ತಿ ಅಳುವೂ ಅಲ್ಲ: ಹಳೇ ಟಾಕಿಗಳಿಗೆ ಯಾಕಿಷ್ಟು ಹುಚ್ಚು?

ಸಂಜೆಪೇಪರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿನಿಮಾ ಹುಚ್ಚು ನನಗೂ ಇದೆ. ಆದರೆ ನನ್ನದು ಎಲ್ಲರ ಹಾಗೆ, ಚೆನ್ನಾಗಿರೋದು ಬಂದರೆ ನೋಡೋದು, ಮರುದಿನ ಮರೆಯೋದು. ನಮ್ಮ ಮಾವನದು ಬೇರೆ ಜಾತಿಯ ಹುಚ್ಚು. ಬ್ಯಾಂಕಿನಲ್ಲಿದ್ದವರು, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಫಿಲ್ಮ್ ಸೊಸೈಟಿ ಅಂತ ಓಡಾಡಿದವರು. ಈಗ ವಯಸ್ಸು ಎಂಬತ್ತೆರಡು. ಅವರ ಕೋಣೆಯಲ್ಲಿ ಒಂದು ಗೋಡೆ ತುಂಬಾ ಡಿವಿಡಿ ಇದೆ. ಅದರಲ್ಲಿ ಮುಕ್ಕಾಲು ಪಾಲು 1929ರಿಂದ 1934ರ ಒಳಗೆ ಬಂದ ಅಮೆರಿಕದ ಟಾಕಿಗಳು, ಅಂದರೆ ಸಿನಿಮಾಕ್ಕೆ ಮಾತು ಬಂದ ಹೊಸದರವು. ಹೆಸರಾಂತ ಸಿನಿಮಾಗಳೇ ಆಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಇವು ಹಾಗಲ್ಲ, ಎಪ್ಪತ್ತು ನಿಮಿಷದವು, ಮೊದಲರ್ಧ ತಮಾಷೆ, ಆಮೇಲೆ ಇದ್ದಕ್ಕಿದ್ದ ಹಾಗೆ ಯಾರೋ ಸಾಯುತ್ತಾರೆ ಅಥವಾ ಜೈಲಿಗೆ ಹೋಗುತ್ತಾರೆ, ಅಲ್ಲಿಗೆ ಮುಗೀತು.

ಹೋದ ಭಾನುವಾರ ಕೂರಿಸಿ ಒಂದು ತೋರಿಸಿದರು. ‘ಮಿನ್ ಅಂಡ್ ಬಿಲ್’, 1930ರದ್ದು. ಬಂದರಿನ ಪಕ್ಕದಲ್ಲಿ ಹೋಟೆಲು ನಡೆಸುವ ಒಬ್ಬ ವಯಸ್ಸಾದ ಹೆಂಗಸು, ಅವಳಿಗೊಬ್ಬ ಕುಡುಕ ಮೀನುಗಾರ ಸ್ನೇಹಿತ, ಯಾರೋ ಬಿಟ್ಟು ಹೋದ ಮಗುವನ್ನು ಇವಳು ಸಾಕಿರುತ್ತಾಳೆ. ಅರ್ಧ ಸಿನಿಮಾ ಇವರಿಬ್ಬರ ಹೊಡೆದಾಟ, ಪಾತ್ರೆ ಪಗಡೆ ಎಸೆದಾಟ. ಕೊನೆಗೆ ನೋಡಿದರೆ ಆ ಹುಡುಗಿಯ ಸುಖಕ್ಕೋಸ್ಕರ ಈ ಹೆಂಗಸು ಕೊಲೆ ಮಾಡಿ ಪೊಲೀಸರ ಕೈಗೆ ಸಿಗುತ್ತಾಳೆ. ಮಾತಿನ ಮಧ್ಯೆ ಸೊರ್ ಅಂತ ಒಂದು ಸದ್ದು ನಿಲ್ಲೋದೇ ಇಲ್ಲ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡೋಕೆ ಒಂದು ಯುಗ ತಗೋತಾರೆ. ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಆದರೆ ರಾತ್ರಿ ಮಲಗಿದಾಗ ಆ ಹೆಂಗಸಿನ ಮುಖ ಕಣ್ಣ ಮುಂದೆ ಬಂತು, ಯಾಕೆ ಅಂತ ಗೊತ್ತಾಗಲಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಒಂದು, ಈ ಕಾಲದ ಈ ಥರದ ಸಿನಿಮಾಗಳನ್ನೇ ಹುಡುಕಿ ಹುಡುಕಿ ಕೂಡಿಡುವವರಿಗೆ ಅದರಲ್ಲಿ ಸಿಗೋದೇನು? ಬೇರೆ ಯಾರ ಹತ್ತಿರವೂ ಇಲ್ಲ ಅನ್ನೋ ಜಂಬವಾ?

ಎರಡನೇದು ಮನೆ ವಿಷಯ. ಮಂಚದ ಕೆಳಗೆ ಫಿಲ್ಮ್ ಸುರುಳಿ ಇಡುವ ಆರು ತಗಡಿನ ಡಬ್ಬಿ ಇವೆ, ಸಂಡೇ ಬಜಾರಿನಲ್ಲಿ ಯಾವ ಕಾಲದಲ್ಲೋ ತೂಕಕ್ಕೆ ತಂದದ್ದು. ಮನೆಗೆ ಪೇಂಟ್ ಮಾಡಿಸ್ತಾ ಇದ್ದೀವಿ. ಅತ್ತೆ ‘ಒಂದೋ ಅವು ಇರಬೇಕು, ಇಲ್ಲ ನಾನು’ ಅಂತಿದ್ದಾರೆ. ಒಂದು ಡಬ್ಬಿ ತೆಗೆದರೆ ಉಪ್ಪಿನಕಾಯಿ ಕೆಟ್ಟ ಹಾಗೆ ಹುಳಿ ವಾಸನೆ. ಏನು ಮಾಡಲಿ?

---

ಟೆಂಟ್‌ಸಿನಿಮಾ

ಮೊದಲನೇ ಪ್ರಶ್ನೆಗೆ ಮಾತ್ರ ಹೇಳ್ತೀನಿ, ಡಬ್ಬಿ ವಿಷಯ ತಿಳಿದವರು ಇಲ್ಲಿದ್ದಾರೆ.

ಮಾವ ಕೊಟ್ಟ ಸಿನಿಮಾ ಸರಿಯಾಗಿಯೇ ಇದೆ. ನೀವಿಬ್ಬರೇ ಕೂತು ನೋಡಿದ್ದು ತಪ್ಪು. ‘ಒಂದು ಯುಗ ತಗೋತಾರೆ’ ಅಂದಿರಲ್ಲ, ಆ ಯುಗ ನಿಮ್ಮದಲ್ಲ, ಥಿಯೇಟರಿನಲ್ಲಿ ಕೂತ ಸಾವಿರ ಜನರದ್ದು. ಆಗಿನ ನಟರಲ್ಲಿ ಬಹಳ ಜನ ನಾಟಕದಿಂದ ಬಂದವರು. ಒಂದು ಮಾತಿಗೆ ಜನ ನಗುತ್ತಾರೆ, ಆ ನಗುವಿನಲ್ಲಿ ಮುಂದಿನ ಮಾತು ಮುಳುಗಿ ಹೋಗುತ್ತದೆ ಅಂತ ಅವರಿಗೆ ಗೊತ್ತು. ಅದಕ್ಕೇ ಜಾಗ ಬಿಡುತ್ತಾರೆ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಹಾಸ್ಯದ ಪಾತ್ರಧಾರಿ ಒಂದು ಮಾತು ಒಗೆದು ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದ, ಜನ ನಕ್ಕು ಮುಗಿಸೋ ತನಕ. ಆ ನಾಟಕವನ್ನು ಖಾಲಿ ಪೆಂಡಾಲಿನಲ್ಲಿ ನೋಡಿದರೆ ಆ ಮನುಷ್ಯ ಮಾತು ಮರೆತಿದ್ದಾನೆ ಅನ್ನಿಸುತ್ತದೆ, ಅಷ್ಟೆ. ನಾಟಕದಲ್ಲಾದರೆ ನಗು ಎಷ್ಟು ಹೊತ್ತು ಬರುತ್ತೆ ಅಂತ ಅವತ್ತಿನ ಜನರನ್ನು ನೋಡಿ ಅಳೆಯಬಹುದು. ಸಿನಿಮಾದಲ್ಲಿ ಸ್ಟುಡಿಯೋ ಒಳಗೆ ನಿಂತು, ಯಾರೂ ನಗದ ಜಾಗದಲ್ಲಿ, ಅಂದಾಜಿನ ಮೇಲೆ ಬಿಡಬೇಕು.

ಇನ್ನು ಆ ಸೊರ್ ಸದ್ದು. ನನಗೆ ಆ ಕಾಲದ ಸಿನಿಮಾ ಹಿಡಿಸಿದ್ದೇ ಅಲ್ಲಿ. 1929ರಿಂದ 32ರವರೆಗಿನ ಬಹುತೇಕ ಟಾಕಿಗಳಲ್ಲಿ ಟೈಟಲ್ ಮುಗಿದ ಮೇಲೆ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು, ಅದಕ್ಕೇ ಆ ಸೊರ್ ಎದ್ದು ಕೇಳುತ್ತದೆ. ಬೇಡ ಅಂತ ಮಾತ್ರ ಬಿಟ್ಟದ್ದಲ್ಲ, ಮಾಡೋದು ಕಷ್ಟವೂ ಆಗಿತ್ತು. ಆಮೇಲೆ ಸಂಗೀತ ಸೇರಿಸಬೇಕು ಅಂದರೆ ಸದ್ದನ್ನು ಇನ್ನೊಮ್ಮೆ ರೆಕಾರ್ಡ್ ಮಾಡಬೇಕು, ಹಾಗೆ ಮಾಡಿದರೆ ಮಾತು ಮಸುಕಾಗುತ್ತಿತ್ತು. ಸಂಗೀತ ಬೇಕೇ ಬೇಕು ಅಂದರೆ ಚಿತ್ರೀಕರಣ ನಡೆಯುವಾಗಲೇ ವಾದ್ಯದವರನ್ನು ಪಕ್ಕದಲ್ಲಿ ಕೂರಿಸಿ ನುಡಿಸಬೇಕಿತ್ತು. 1933ರಲ್ಲಿ ‘ಕಿಂಗ್ ಕಾಂಗ್’ಗೆ ಮ್ಯಾಕ್ಸ್ ಸ್ಟೈನರ್ ತುಂಬಿ ತುಳುಕುವ ಸಂಗೀತ ಕೊಟ್ಟ ಹೊತ್ತಿಗೆ ಆ ಕಷ್ಟ ತೀರಿತ್ತು.

ಇದರಿಂದ ಏನಾಯಿತು ಅಂದರೆ, ಯಾವಾಗ ನಗಬೇಕು ಯಾವಾಗ ಅಳಬೇಕು ಅಂತ ಪಿಟೀಲು ಬಂದು ಕಿವಿಯಲ್ಲಿ ಹೇಳೋದಿಲ್ಲ. ಪಾತ್ರೆ ಎಸೆಯುವಾಗ ಕೋಣೆಯಲ್ಲಿ ಯಾವ ಸೊರ್ ಇತ್ತೋ, ಗುಂಡು ಹಾರಿದ ಮೇಲೂ ಅದೇ ಸೊರ್. ತಮಾಷೆ ಯಾವಾಗ ಮುಗಿಯಿತು ಅಂತ ನಿಮಗೆ ಗೊತ್ತೇ ಆಗಲಿಲ್ಲ, ಅಲ್ವಾ? ರಾತ್ರಿ ಆ ಹೆಂಗಸಿನ ಮುಖ ಬಂದದ್ದು ಅದಕ್ಕೇ ಅಂತ ನನ್ನ ಲೆಕ್ಕ. ಸಿನಿಮಾದಲ್ಲಿ ಯಾರೂ ನಿಮ್ಮನ್ನು ಅಳಿಸಿ ಮುಗಿಸಿರಲಿಲ್ಲ, ಬಾಕಿ ಇತ್ತು. ಈಗ ಕಾಮಿಡಿ ಸೀನಿಗೆ ‘ಟೊಂಯ್’ ಅಂತ ಒಂದು ಸದ್ದು, ಸೆಂಟಿಮೆಂಟಿಗೆ ಕೊಳಲು. ನಾವು ನೋಡೋದಕ್ಕಿಂತ ಮುಂಚೆ ಸೀನು ತನ್ನ ಜಾತಿ ಹೇಳಿಕೊಂಡಾಗಿರುತ್ತದೆ.

ಆ ಹೆಂಗಸು ಮೇರಿ ಡ್ರೆಸ್ಲರ್. 1868ರಲ್ಲಿ ಹುಟ್ಟಿದವಳು, ಈ ಸಿನಿಮಾ ಬಂದಾಗ 62. ಅದಕ್ಕೆ ಅವಳಿಗೆ ಆಸ್ಕರ್ ಬಂತು. 1932, 33 ಎರಡೂ ವರ್ಷ ಅಮೆರಿಕದ ಥಿಯೇಟರ್ ಮಾಲೀಕರು ಮತ ಹಾಕಿ, ಅತಿ ಹೆಚ್ಚು ಜನರನ್ನು ಎಳೆಯುವ ತಾರೆ ಅಂತ ಅವಳನ್ನೇ ಮೊದಲ ಸ್ಥಾನಕ್ಕೆ ಆರಿಸಿದರು. ಅರವತ್ತು ದಾಟಿದ, ದಪ್ಪ ಮೈಯ, ಸುಕ್ಕು ಮುಖದ ಹೆಂಗಸು! ಮಾವನ ಗೋಡೆಯಲ್ಲಿ ‘ಡಿನ್ನರ್ ಅಟ್ ಎಯ್ಟ್’ ಇದ್ದರೆ ಅತ್ತೆಯನ್ನೂ ಕೂರಿಸಿಕೊಂಡು ನೋಡಿ. ಕೊನೆಯಲ್ಲಿ ಜೀನ್ ಹಾರ್ಲೋ ತಾನು ಮೊನ್ನೆ ಒಂದು ಪುಸ್ತಕ ಓದಿದೆ ಅಂತಾಳೆ. ಅದನ್ನು ಕೇಳಿ ನಡೆಯುತ್ತಿದ್ದ ಡ್ರೆಸ್ಲರ್ ಗಕ್ಕನೆ ನಿಲ್ಲುತ್ತಾಳೆ, ಮುಗ್ಗರಿಸುವ ಹಾಗೆ. ಮಾತಿಲ್ಲ. ಇಡೀ ಮೈ ಬ್ರೇಕ್ ಹಾಕುತ್ತೆ. ನಾನು ಆ ಒಂದು ಹೆಜ್ಜೆಯನ್ನು ಹತ್ತು ಸಲವಾದರೂ ಹಿಂದೆ ಮುಂದೆ ಮಾಡಿ ನೋಡಿದ್ದೀನಿ.

---

ಗುಜರಿಅಂಗಡಿ

ಟೆಂಟ್‌ಸಿನಿಮಾ ಅವರು ಚೆನ್ನಾಗಿ ಬರೀತಾರೆ, ಆದರೆ ಅವರು ಹೇಳಿದ್ದು ನೋಡುವವರ ಕಥೆ. ಪ್ರಶ್ನೆ ಕೂಡಿಡುವವರ ಬಗ್ಗೆ. ನೋಡೋಕೆ ಡಿವಿಡಿ ಸಾಕು. ಡಬ್ಬಿ ಯಾಕೆ ಬೇಕು?

ನಾನೂ ಆ ರೋಗದಲ್ಲಿ ಬಿದ್ದು ಎದ್ದವನು, ಹಾಗಾಗಿ ಹೇಳ್ತೀನಿ. ಜಂಬ ಇದ್ದೇ ಇದೆ. ಸುಳ್ಳು ಯಾಕೆ? ಹತ್ತು ವರ್ಷದ ಹಿಂದೆ ಹೊರದೇಶದ ಒಬ್ಬ ಮಾರಾಟಗಾರನ ಹತ್ತಿರ 16 ಎಂ.ಎಂ. ಪ್ರಿಂಟ್ (16 ಮಿಲಿಮೀಟರ್ ಅಗಲದ ಫಿಲ್ಮ್ ಪ್ರತಿ) ಒಂದನ್ನು ತರಿಸಿದೆ. ‘ಒಳ್ಳೇ ಸ್ಥಿತಿ, ಪೂರ್ತಿ ಚಿತ್ರ’ ಅಂತ ಬರೆದಿದ್ದ. ಕಸ್ಟಮ್ಸ್‌ಗೆ ಕಟ್ಟಿದ್ದು ಸೇರಿ ಆಗಿನ ನನ್ನ ಒಂದು ತಿಂಗಳ ಸಂಬಳ. ಡಬ್ಬಿ ತೆಗೆದ ತಕ್ಷಣ ಕಣ್ಣಲ್ಲಿ ನೀರು, ದುಃಖದಿಂದಲ್ಲ, ವಾಸನೆಯಿಂದ. ಫಿಲ್ಮ್ ಸುರುಳಿ ಹಪ್ಪಳದ ಹಾಗೆ ಅಲೆ ಅಲೆ ಆಗಿತ್ತು. ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲಿಗೆ ತೂತು ಸೇರಲೇ ಇಲ್ಲ, ಅಷ್ಟು ಕುಗ್ಗಿತ್ತು. ಮೂರನೇ ರೀಲು ಇರಲೇ ಇಲ್ಲ. ಪತ್ರ ಬರೆದೆ, ಉತ್ತರ ಬರಲಿಲ್ಲ. ಹೆಂಡತಿಗೆ ಇವತ್ತಿಗೂ ನಿಜವಾದ ಬೆಲೆ ಹೇಳಿಲ್ಲ (ಈ ಪೋಸ್ಟ್ ಓದಿದರೆ ಗೊತ್ತಾಗುತ್ತೆ, ನೋಡೋಣ).

ಒಂದು ಮಾತ್ರ ಒಪ್ಪುತ್ತೀನಿ. ಈ ಕಾಲದ ಸಿನಿಮಾಗಳಲ್ಲಿ ‘ಇದು ಪೂರ್ತಿಯಾ?’ ಅನ್ನೋ ಪ್ರಶ್ನೆ ಯಾವಾಗಲೂ ಇರುತ್ತದೆ. ಕಾರಣ 1934. ಹಾಲಿವುಡ್ ಚಿತ್ರಗಳಿಗೆ ನೀತಿ ನಿಯಮಗಳ ಪಟ್ಟಿ 1930ರಲ್ಲೇ ಬಂದಿತ್ತು, ಯಾರೂ ಅಷ್ಟಾಗಿ ಕೇರ್ ಮಾಡಿರಲಿಲ್ಲ. 1934ರ ಜುಲೈನಿಂದ ಅದನ್ನು ಜಾರಿ ಮಾಡುತ್ತಿದ್ದ ಜೋಸೆಫ್ ಬ್ರೀನ್ ಅನ್ನುವವರ ಕಚೇರಿಯ ಮುದ್ರೆ ಇಲ್ಲದೆ ದೊಡ್ಡ ಸ್ಟುಡಿಯೋಗಳು ಚಿತ್ರ ಬಿಡುವ ಹಾಗಿರಲಿಲ್ಲ. ಹಳೇ ಚಿತ್ರವನ್ನು ಮತ್ತೆ ಬಿಡಬೇಕಾದರೂ ಅದೇ ಮುದ್ರೆ ಬೇಕು. ನಿರ್ದೇಶಕ ಲುಬಿಚ್ ಅವರ ‘ಟ್ರಬಲ್ ಇನ್ ಪ್ಯಾರಡೈಸ್’ಗೆ ಮುದ್ರೆ ಸಿಗಲೇ ಇಲ್ಲ, ದಶಕಗಟ್ಟಲೆ ಬೀರುವಿನಲ್ಲೇ ಇತ್ತು. ಮುದ್ರೆ ಸಿಕ್ಕವುಗಳ ಗತಿ ಇನ್ನೂ ಕೆಟ್ಟದ್ದು, ಕತ್ತರಿಯನ್ನು ಮೂಲ ನೆಗೆಟಿವ್‌ಗೇ ಹಾಕಿಬಿಡುತ್ತಿದ್ದರು. ‘ಲವ್ ಮಿ ಟುನೈಟ್’ ಚಿತ್ರದಿಂದ ಹಾಗೆ ಕತ್ತರಿಸಿದ ಭಾಗ ಇವತ್ತಿಗೂ ಸಿಕ್ಕಿಲ್ಲ. ಹಾಸ್ಯನಟರಾದ ಮಾರ್ಕ್ಸ್ ಸೋದರರ ‘ಅನಿಮಲ್ ಕ್ರ್ಯಾಕರ್ಸ್’ ಅದೃಷ್ಟ ಚೆನ್ನಾಗಿತ್ತು, ಇಂಗ್ಲೆಂಡಿನ ಸಂಗ್ರಹದಲ್ಲಿ ಪೂರ್ತಿ ಪ್ರತಿ ಉಳಿದಿತ್ತು, 2016ರಲ್ಲಿ ಅದರಿಂದ ಬ್ಲೂರೇ ಬಂತು. ಹಾಗಾಗಿ ಯಾವುದೋ ಮೂಲೆಯ ಡಬ್ಬಿಯಲ್ಲಿ ಬೇರೆ ಎಲ್ಲೂ ಇಲ್ಲದ ಅರ್ಧ ನಿಮಿಷ ಇರಬಹುದು ಅನ್ನೋ ಆಸೆ. ಲಾಟರಿ ಟಿಕೆಟ್ ಇದ್ದ ಹಾಗೆ. ನನಗಂತೂ ಹೊಡೆಯಲಿಲ್ಲ.

---

ಜರ್ಸಿಕನ್ನಡಿಗ

ನ್ಯೂಜೆರ್ಸಿಯಿಂದ. ಗುಜರಿಅಂಗಡಿ ಅವರ ಲಾಟರಿ ಇಲ್ಲಿ ಕೆಲವರಿಗೆ ಹೊಡೆದಿದೆ, ಅದನ್ನು ಹೇಳಲೇಬೇಕು.

ಮೊದಮೊದಲು ವಾರ್ನರ್ ಸ್ಟುಡಿಯೋದವರ ಟಾಕಿಗಳಲ್ಲಿ ಸದ್ದು ಫಿಲ್ಮಿನ ಮೇಲೆ ಇರಲಿಲ್ಲ, ಬೇರೆ ತಟ್ಟೆಯಲ್ಲಿತ್ತು. ವೈಟಾಫೋನ್ ಅಂತ. 16 ಇಂಚು ಅಗಲದ ಗ್ರಾಮಫೋನ್ ತಟ್ಟೆ, ಒಂದು ರೀಲಿಗೆ ಒಂದು, ಸುಮಾರು 11 ನಿಮಿಷ. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಇಂಥ ಹದಿನೈದಿಪ್ಪತ್ತು ತಟ್ಟೆ ಇವೆ. ಮೊದಲ ಸಲ ಕೈಗೆ ಕೊಟ್ಟಾಗ ‘ಎರಡೂ ಕೈಯಲ್ಲಿ ಹಿಡ್ಕೋ’ ಅಂದರು, ಊಟದ ತಟ್ಟೆಗಿಂತ ದೊಡ್ಡದು, ಭಾರ ಬೇರೆ. ಮುಳ್ಳು ಹೊರಗಿನಿಂದ ಒಳಗೆ ಬರೋದಿಲ್ಲ, ಲೇಬಲ್ ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತದೆ, ಅಲ್ಲಿಂದ ಶುರುವಾಗಿ ಹೊರಗೆ ಹೋಗುತ್ತದೆ. ಲೇಬಲ್ ಮೇಲೆ ಸಣ್ಣ ಸಣ್ಣ ಚೌಕಗಳ ಸಾಲು. ಒಂದು ಸಲ ನುಡಿಸಿದ ಮೇಲೆ ಪ್ರೊಜೆಕ್ಷನ್ ಕೋಣೆಯವನು ಒಂದು ಚೌಕಕ್ಕೆ ಗುರುತು ಹಾಕಬೇಕು. ಇಪ್ಪತ್ತು ಸಲದ ಆಸುಪಾಸಿಗೆ ತಟ್ಟೆ ಸವೆದಿರುತ್ತದೆ, ಬಿಸಾಕಿ ಹೊಸದು ಹಾಕಬೇಕು. ನಾನು ನೋಡಿದ ತಟ್ಟೆಯಲ್ಲಿ ಆರು ಚೌಕಕ್ಕೆ ಪೆನ್ಸಿಲ್ ಗುರುತು ಇತ್ತು. ಆರನೇದು ಸ್ವಲ್ಪ ಓರೆ. ಯಾವುದೋ ಊರಿನ ಯಾವನೋ ಕತ್ತಲಲ್ಲಿ ಅವಸರದಲ್ಲಿ ಗೀಚಿದ್ದು. ಸಿನಿಮಾಕ್ಕಿಂತ ಆ ಗೀಟು ನೋಡಿ ನನಗೆ ಏನೋ ಆಯಿತು, ಹೇಳೋಕೆ ಬರ್ತಿಲ್ಲ.

ಅವನ ಕಷ್ಟ ಕೇಳಿ. ಆಟದ ಮಧ್ಯೆ ಫಿಲ್ಮ್ ತುಂಡಾಯಿತು ಅಂದುಕೊಳ್ಳಿ. ಹಾಳಾದ ನಾಲ್ಕು ಚೌಕಟ್ಟು (ಫ್ರೇಮ್) ಕತ್ತರಿಸಿ ಅಂಟಿಸಿದರೆ ಚಿತ್ರ ಮುಂದೆ ಹೋಯಿತು, ತಟ್ಟೆ ಹಿಂದೆ ಉಳಿಯಿತು. ಹೆಂಗಸಿನ ಬಾಯಲ್ಲಿ ಗಂಡಸಿನ ಧ್ವನಿ. ಅದಕ್ಕೆ ಎಷ್ಟು ಚೌಕಟ್ಟು ಹೋಯಿತೋ ಎಣಿಸಿ ಅಷ್ಟೇ ಕಪ್ಪು ಫಿಲ್ಮ್ ಸೇರಿಸಬೇಕು. ಕಾಮಿಡಿ ಸಿನಿಮಾದಲ್ಲಿ ಇದು ಕೈಕೊಟ್ಟರೆ ಜನ ನಗುತ್ತಿದ್ದರು, ತಪ್ಪು ಜಾಗದಲ್ಲಿ. 1931ರ ಹೊತ್ತಿಗೆ ವಾರ್ನರ್‌ನವರೂ ಸಾಕಾಗಿ ಸದ್ದನ್ನು ಫಿಲ್ಮಿಗೇ ಹಾಕೋಕೆ ಶುರು ಮಾಡಿದ್ದರು.

ಸದ್ದು, ಚಿತ್ರ ಬೇರೆ ಬೇರೆ ಇದ್ದದ್ದರಿಂದ ಬೇರೆ ಬೇರೆಯಾಗಿಯೇ ಕಳೆದುಹೋದವು. 1929ರ ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’ ಬಣ್ಣದ ಚಿತ್ರ, ಅದರ ಸದ್ದು ಪೂರ್ತಿ ಇದೆ, ಚಿತ್ರ ಮಾತ್ರ ಕೊನೆಯ ಕಡೆಯದ್ದು ಸ್ವಲ್ಪ ಉಳಿದಿದೆ. ಕಣ್ಣು ಮುಚ್ಚಿಕೊಂಡು ಸಿನಿಮಾ ಕೇಳಬೇಕು, ನಮ್ಮಜ್ಜಿ ರೇಡಿಯೋ ನಾಟಕ ಕೇಳಿದ ಹಾಗೆ. 1991ರಲ್ಲಿ ರಾನ್ ಹಚಿನ್ಸನ್ ಮತ್ತೆ ಕೆಲವು ಸಂಗ್ರಾಹಕರು ಸೇರಿ ವೈಟಾಫೋನ್ ಪ್ರಾಜೆಕ್ಟ್ ಅಂತ ಮಾಡಿಕೊಂಡರು. ಯಾರ ಅಟ್ಟದ ಮೇಲೆ ಯಾವ ತಟ್ಟೆ ಇದೆ, ಯಾವ ಸಂಗ್ರಹಾಲಯದಲ್ಲಿ ಅದರ ಮೂಕ ಚಿತ್ರ ಇದೆ ಅಂತ ಹುಡುಕಿ ಜೋಡಿ ಮಾಡಿಸೋದು. ಮದುವೆ ದಲ್ಲಾಳಿ ಕೆಲಸವೇ. ನಟಿ ಕೊಲೀನ್ ಮೂರ್ ಅವರ ‘ವೈ ಬಿ ಗುಡ್?’ (1929) ಹಾಗೇ ಬಂತು. ತಟ್ಟೆಗಳು ಅಮೆರಿಕದಲ್ಲಿ, ಚಿತ್ರ ಇಟಲಿಯ ಮಿಲಾನಿನಲ್ಲಿ. ಅದರಲ್ಲಿ ಮಾತಿಲ್ಲ, ತಟ್ಟೆಯಲ್ಲಿರುವುದು ಸಂಗೀತ ಮತ್ತು ಸದ್ದು ಮಾತ್ರ. ಇದನ್ನು ಮಾಡಿದವರಲ್ಲಿ ಹೆಚ್ಚಿನವರು ಬೇರೆ ಕೆಲಸದಲ್ಲಿದ್ದು ರಜೆಯ ದಿನ ಓಡಾಡಿದವರು. ಹಾಗಾಗಿ ಜಂಬ ಅಂತ ಮೂಗು ಮುರಿಯಬೇಡಿ ಸ್ವಾಮಿ.

ಇನ್ನೊಂದು. ನ್ಯೂಯಾರ್ಕ್ ರಾಜ್ಯದಲ್ಲಿ ರೋಮ್ ಅಂತ ಒಂದು ಸಣ್ಣ ಊರಿದೆ, ಅಲ್ಲಿ 1928ರಲ್ಲಿ ಕಟ್ಟಿದ ಕ್ಯಾಪಿಟಲ್ ಥಿಯೇಟರಿನಲ್ಲಿ ಆಗಸ್ಟ್‌ನಲ್ಲಿ ಹಳೇ ಚಿತ್ರಗಳ ಹಬ್ಬ ಮಾಡುತ್ತಾರೆ, ಕ್ಯಾಪಿಟಲ್‌ಫೆಸ್ಟ್. ಒಂದು ಸಲ ಹೋಗಿದ್ದೆ. ಟೆಂಟ್‌ಸಿನಿಮಾ ಹೇಳಿದ ಆ ಖಾಲಿ ಜಾಗಗಳು ಅಲ್ಲಿ ತುಂಬಿದವು. ಮಾತು, ನಗು, ನಗು ಇಳೀತಾ ಬಂದಾಗ ಮುಂದಿನ ಮಾತು. ತೊಂಬತ್ತು ವರ್ಷದ ಹಿಂದೆ ಅಂದಾಜು ಮಾಡಿದ್ದು ಇವತ್ತಿಗೂ ಹೆಚ್ಚುಕಮ್ಮಿ ಸರಿ ಕೂತಿತ್ತು. ಎರಡು ಕಡೆ ಮಾತ್ರ ನಾವು ನಗಲಿಲ್ಲ, ನಟ ಪಾಪ ಕಾಯ್ತಾ ನಿಂತಿದ್ದ.

---

ಸಂಜೆಪೇಪರ್

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಮಾವನಿಗೆ ಎಲ್ಲಾ ಓದಿ ಹೇಳಿದೆ. ಟೊಂಯ್ ಸದ್ದಿನ ಮಾತು ಬಂದಾಗ ತಲೆ ಆಡಿಸಿದರು. ಜಂಬದ ಮಾತಿಗೆ ‘ಇರಲಿ ಬಿಡು, ಅದೂ ಇದೆ’ ಅಂದರು.

ಡಬ್ಬಿಗಳನ್ನು ಹೊರಗೆ ತೆಗೆದೆವು. ಲೆಕ್ಕ ಹೀಗಿದೆ. ಎರಡು ದೊಡ್ಡವು, ಒಳ್ಳೇ ಸ್ಥಿತಿ, ವಾಸನೆ ಇಲ್ಲ. ಮೂರು ಸಣ್ಣವು, ಅದರಲ್ಲಿ ಒಂದು ಹುಳಿ. ಐದರಲ್ಲೂ 16 ಎಂ.ಎಂ. ಫಿಲ್ಮ್. ಆರನೇದರಲ್ಲಿ ಅತ್ತೆಯ ಸೂಜಿ, ದಾರ, ಗುಂಡಿ ಇದ್ದವು, ನಾಲ್ಕು ವರ್ಷದಿಂದ ಹುಡುಕುತ್ತಿದ್ದರಂತೆ. ಮನೆಯಲ್ಲಿ ಸದ್ಯಕ್ಕೆ ಶಾಂತಿ.

ದೊಡ್ಡ ಡಬ್ಬಿಯ ಮೇಲಿನ ಚೀಟಿ ಹರಿದಿದೆ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಶುರುವಿನಲ್ಲಿ ಎ.ಎ.ಪಿ. ಅಂತ ಮೂರಕ್ಷರ ಇದೆ, ಅಂಥ ಸ್ಟುಡಿಯೋ ಹೆಸರೇ ಕೇಳಿಲ್ಲ. ಆಮೇಲೆ ಟೈಟಲ್ ಕಾರ್ಡುಗಳ ಜಾಗದಲ್ಲಿ ಒಂದಷ್ಟು ಉದ್ದ ಗೀಚಿ ಹೋಗಿ ಏನೂ ಕಾಣೋದಿಲ್ಲ. ಮುಂದೆ ಹೋಟೆಲಿನ ಯೂನಿಫಾರಂ ಹಾಕಿದ ಗಿಡ್ಡ ಹುಡುಗ, ದೊಡ್ಡ ಕಣ್ಣಿನ ಹೊಂಬಣ್ಣದ ಕೂದಲಿನ ಹುಡುಗಿ, ಅವಳು ಅವನ ಕೆನ್ನೆಗೆ ಬಾರಿಸುತ್ತಾಳೆ. ಮುಂದೆ ಅವಳು ಸ್ನಾನದ ತೊಟ್ಟಿಯಲ್ಲಿ, ಅವನು ಪಕ್ಕದ ಕೋಣೆಯಲ್ಲಿ ಅವಳ ಒಳಬಟ್ಟೆ ಕೈಯಲ್ಲಿ ಹಿಡಿದು ಏನೋ ಹುಡುಕ್ತಿದ್ದಾನೆ (ಅತ್ತೆ ಬಂದರು, ಅಲ್ಲಿಗೆ ನಿಲ್ಲಿಸಿದೆ). ಮಾವನಿಗೆ ಹೆಸರು ಮರೆತಿದೆ. ಇದೇನು?

---

ಟೆಂಟ್‌ಸಿನಿಮಾ

ಗಿಡ್ಡ ಹುಡುಗ ಜೇಮ್ಸ್ ಕ್ಯಾಗ್ನಿ, ಹುಡುಗಿ ಜೋನ್ ಬ್ಲಾಂಡೆಲ್ ಆಗಿದ್ದರೆ ಅದು ‘ಬ್ಲಾಂಡ್ ಕ್ರೇಜಿ’, 1931, ವಾರ್ನರ್. ಒಳಬಟ್ಟೆಯಲ್ಲಿ ಅವನು ಹುಡುಕ್ತಾ ಇರೋದು ಅವಳು ಬಚ್ಚಿಟ್ಟ ದುಡ್ಡು. ಎರಡನೇ ಡಬ್ಬಿಯ ಕೊನೆ ನೋಡಿ, ಅವನು ಜೈಲಿನ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ, ಅವಳು ನೋಡೋಕೆ ಬರುತ್ತಾಳೆ. ನೀವು ದೂರಿದ್ದಿರಲ್ಲ, ತಮಾಷೆಯಿಂದ ಶುರುವಾಗಿ ಜೈಲಿಗೆ ಹೋಗುತ್ತೆ ಅಂತ, ಅದೇ ಇದು!

ಅಳತೆಯೂ ಸರಿ ಹೊಂದುತ್ತೆ. 16 ಎಂ.ಎಂ. ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ. ಚಿತ್ರ 79 ನಿಮಿಷ, ಅಂದರೆ ಹತ್ತಿರ ಹತ್ತಿರ 2,850 ಅಡಿ. 1,600 ಅಡಿಯ ಎರಡು ಸುರುಳಿಯಲ್ಲಿ ಆರಾಮಾಗಿ ಹಿಡಿಯುತ್ತೆ.

ಎ.ಎ.ಪಿ. ಸ್ಟುಡಿಯೋ ಅಲ್ಲ, ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್. 1956ರಲ್ಲಿ ವಾರ್ನರ್‌ನವರು 1950ಕ್ಕಿಂತ ಹಿಂದಿನ ತಮ್ಮ ಚಿತ್ರಗಳ ಗಂಟನ್ನು ಇವರಿಗೆ ಮಾರಿದರು, ಇವರು ಟೀವಿ ಸ್ಟೇಷನ್‌ಗಳಿಗೆ 16 ಎಂ.ಎಂ. ಪ್ರತಿ ಮಾಡಿ ಹಂಚಿದರು, ಮುಂದೆ ತಮ್ಮ ಹೆಸರು ಅಂಟಿಸಿ. ಆರ್‌ಕೆಒ ಸ್ಟುಡಿಯೋದ ಚಿತ್ರಗಳಲ್ಲಿ ‘ಸಿ ಅಂಡ್ ಸಿ’ ಅಂತ ಇರುವುದೂ ಇದೇ ಕಥೆ. ಸಂಗ್ರಾಹಕರ ಹತ್ತಿರ ಇರುವ 16 ಎಂ.ಎಂ. ಪ್ರತಿಗಳಲ್ಲಿ ಬಹಳಷ್ಟು ಹೀಗೆ ಟೀವಿಯಿಂದ ಉದುರಿದವೇ. ಜಾಹೀರಾತಿಗೆ ಜಾಗ ಮಾಡೋಕೆ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಗುರುತು ಕಂಡರೂ ಕಾಣಬಹುದು.

---

ಅಟ್ಟದಮೇಲೆ

ಫಿಲ್ಮ್ ಸಂರಕ್ಷಣೆ ಕೆಲಸದಲ್ಲಿದ್ದೀನಿ, ಡಬ್ಬಿ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲು ಹೆದರಿಕೆ ಬಿಡಿ. ನಿಮ್ಮದು 16 ಎಂ.ಎಂ., ಹಾಗಾಗಿ ಸೇಫ್ಟಿ ಫಿಲ್ಮ್. ಹೊತ್ತಿ ಉರಿಯುವ ನೈಟ್ರೇಟ್ ಅಲ್ಲ. ಅದು 35 ಎಂ.ಎಂ.ನಲ್ಲಿ, 1950ರ ದಶಕದ ಶುರುವಿನವರೆಗೆ ಇತ್ತು. ಅಂಥದ್ದು ಯಾರ ಮನೆಯಲ್ಲಾದರೂ ಇದ್ದರೆ ಮಂಚದ ಕೆಳಗೆ ಇಡಬೇಡಿ, ಫಿಲ್ಮ್ ಆರ್ಕೈವ್‌ನವರನ್ನು ಕೇಳಿ. 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಸ್ಟುಡಿಯೋದವರ ಉಗ್ರಾಣ ಸುಟ್ಟು ಅವರ ಹಳೇ ಚಿತ್ರಗಳಲ್ಲಿ ಬಹುಪಾಲು ಹೋದದ್ದು ಇದರಿಂದಲೇ.

ಹುಳಿ ವಾಸನೆ ಅಂದರೆ ಸೇಫ್ಟಿ ಫಿಲ್ಮಿನ ಪಟ್ಟಿಯಲ್ಲಿರುವ ಅಸಿಟೇಟ್ ಪ್ಲಾಸ್ಟಿಕ್ ಒಡೆದು ಅಸಿಟಿಕ್ ಆಮ್ಲ ಬರ್ತಾ ಇದೆ, ವಿನೆಗರ್ ಇದ್ದ ಹಾಗೆ. ಶುರುವಾದ ಮೇಲೆ ನಿಲ್ಲಿಸೋಕೆ ಆಗೋದಿಲ್ಲ, ನಿಧಾನ ಮಾಡಬಹುದು. ಆ ಒಂದು ಡಬ್ಬಿಯನ್ನು ಇವತ್ತೇ ಉಳಿದವುಗಳಿಂದ ದೂರ ಇಡಿ. ಆ ಆವಿ ಪಕ್ಕದವುಗಳನ್ನೂ ಹಾಳು ಮಾಡುತ್ತದೆ. ತುಕ್ಕು ಹಿಡಿದ ತಗಡಿನ ಡಬ್ಬಿ ಬಿಸಾಕಿ, ಗಾಳಿ ಆಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ತಂಪಾಗಿ, ಒಣಗಿರುವ ಜಾಗದಲ್ಲಿ ಮಲಗಿಸಿ ಇಡಿ. ಅಡುಗೆಮನೆ ಅಟ್ಟ ಬೇಡ. ನ್ಯಾಫ್ತಲೀನ್ ಗುಳಿಗೆ ಹಾಕ್ತಾರೆ ಕೆಲವರು, ದಯವಿಟ್ಟು ಬೇಡ. ಬಣ್ಣ ಬದಲಾಯಿಸುವ ಎ-ಡಿ ಪಟ್ಟಿಗಳು ಸಿಗುತ್ತವೆ, ನೀಲಿ ಇದ್ದರೆ ಕ್ಷೇಮ, ಹಸಿರಿಗೆ ತಿರುಗಿದರೆ ಶುರುವಾಗಿದೆ, ಹಳದಿ ಆದರೆ ಬೇಗ ಸ್ಕ್ಯಾನ್ ಮಾಡಿಸಿ. ಕುಗ್ಗಿದ ಫಿಲ್ಮನ್ನು ಪ್ರೊಜೆಕ್ಟರಿಗೆ ಹಾಕಿದರೆ ಗುಜರಿಅಂಗಡಿ ಅವರ ಹಪ್ಪಳದ ಗತಿ.

ಆ ಹುಳಿ ಡಬ್ಬಿಯಲ್ಲಿ ಏನಿದೆ ಅಂತ ನೋಡಿದಿರಾ?

---

ನಾಟಕದಪರದೆ

ಸ್ವಲ್ಪ ಹೊಟ್ಟೆಉರಿಯಿಂದ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಅಮೆರಿಕದವರ ಎರಡನೇ ದರ್ಜೆ ಕಾಮಿಡಿಗೆ ಕೂಡ ಇಷ್ಟು ಜನ ಇದ್ದಾರೆ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು, ಕೊಲ್ಹಾಪುರದಲ್ಲಿ ವೈ.ವಿ. ರಾವ್ ತೆಗೆದದ್ದು, ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಒಂದು ಅಡಿ ಫಿಲ್ಮ್ ಉಳಿದಿಲ್ಲ. 1931ರ ‘ಆಲಂ ಆರಾ’ ಕೂಡ ಇಲ್ಲ. ಟೆಂಟ್‌ಸಿನಿಮಾ ಹೇಳಿದ ಹಾಗೆ ನಗುವಿಗೆ ಜಾಗ ಬಿಡುವ ಕಂಪನಿ ನಟರು ಕ್ಯಾಮೆರಾ ಮುಂದೆ ಮೊದಲ ಸಲ ನಿಂತಾಗ ಎಷ್ಟು ಹೊತ್ತು ನಿಲ್ಲುತ್ತಿದ್ದರು? ನೋಡೋಕೆ ಏನೂ ಇಲ್ಲ. ಆ ಕಾಲದ ಹಾಡಿನ ಪುಸ್ತಕ, ಒಂದೆರಡು ಸ್ಟಿಲ್ ಫೋಟೋ, ಇಷ್ಟೇ ನಮ್ಮ ಕೈಗೆ ಬರೋದು. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ, ಅಷ್ಟು ಹೊತ್ತಿಗೆ ಮೂವತ್ತು ವರ್ಷ ಆಗಿಹೋಗಿತ್ತು. ನಮ್ಮಲ್ಲೂ ಹತ್ತು ಜನ ಹುಚ್ಚರು ಮಂಚದ ಕೆಳಗೆ ಬಚ್ಚಿಟ್ಟಿದ್ದರೆ ಚೆನ್ನಾಗಿತ್ತು.

---

ಜರ್ಸಿಕನ್ನಡಿಗ

ಬಚ್ಚಿಟ್ಟವರು ಇಲ್ಲೂ ಸುಖವಾಗಿರಲಿಲ್ಲ. 1974ರಲ್ಲಿ ನಟ ರಾಡಿ ಮ್ಯಾಕ್‌ಡವಲ್ ಮನೆಗೆ ಎಫ್‌ಬಿಐನವರು ನುಗ್ಗಿ ನೂರಕ್ಕೂ ಹೆಚ್ಚು ಪ್ರಿಂಟ್ ಹೊತ್ತುಕೊಂಡು ಹೋದರು, ಕಾಪಿರೈಟ್ ವಿಷಯಕ್ಕೆ. ಆಮೇಲೆ ಕೇಸ್ ಹಾಕಲಿಲ್ಲ, ಆದರೆ ಎಷ್ಟೋ ಸಂಗ್ರಾಹಕರು ಹೆದರಿ ಬಾಯಿ ಮುಚ್ಚಿಕೊಂಡರು. ಈಗ ಕಾಲ ಸ್ವಲ್ಪ ಬದಲಾಗಿದೆ, 95 ವರ್ಷದ ಲೆಕ್ಕದಲ್ಲಿ 1929ರ ಚಿತ್ರಗಳು 2025ರ ಜನವರಿ 1ರಿಂದ ಇಲ್ಲಿ ಎಲ್ಲರ ಸ್ವತ್ತು. ಮುಂದಿನವು ವರ್ಷಕ್ಕೊಂದು ಕಂತಿನ ಹಾಗೆ ಬರ್ತಾ ಇರುತ್ತವೆ.

---

ಸಂಜೆಪೇಪರ್

ಕೊನೆಯ ವರದಿ. ಹುಳಿ ಡಬ್ಬಿಯಲ್ಲಿದ್ದದ್ದು ಎಂಜಿನ್ ಆಯಿಲ್ ಬಗ್ಗೆ ಒಂದು ಜಾಹೀರಾತು ಚಿತ್ರ. ಗೇಟಿನ ಪಕ್ಕದ ಶೆಡ್ಡಿಗೆ ಹೋಗಿದೆ. ಲಾಟರಿ ಹೊಡೆಯಲಿಲ್ಲ.

‘ಬ್ಲಾಂಡ್ ಕ್ರೇಜಿ’ ಅದೇ ಸಿನಿಮಾ, ಕೊನೆಯಲ್ಲಿ ಆಸ್ಪತ್ರೆ ಮಂಚ ಇದೆ. ಅದನ್ನು ಓಡಿಸೋದಕ್ಕಿಂತ ಮುಂಚೆ ಮೊನ್ನೆ ಶನಿವಾರ ಟೆಂಟ್‌ಸಿನಿಮಾ ಮಾತು ಕೇಳಿ ‘ಡಿನ್ನರ್ ಅಟ್ ಎಯ್ಟ್’ ಹಾಕಿದೆವು. ಡಿವಿಡಿಯೇ, ಆದರೆ ಮಹಡಿಯ ಮೇಲೆ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ. ಅಕ್ಕಪಕ್ಕದವರೂ ಸೇರಿ ಹದಿಮೂರು ಜನ. ಮೊದಲ ಅರ್ಧ ಗಂಟೆ ಯಾರೂ ನಗಲಿಲ್ಲ, ನನಗೆ ಬೆವರು. ಆಮೇಲೆ ಪಕ್ಕದ ಮನೆಯ ಅಜ್ಜಿ, ಇಂಗ್ಲಿಷ್ ಒಂದಕ್ಷರ ಬರೋದಿಲ್ಲ, ಡ್ರೆಸ್ಲರ್ ಸೋಫಾದ ಮೇಲೆ ಕೂರುವ ರೀತಿ ನೋಡಿ ಕಿಸಕ್ ಅಂದರು, ಅಲ್ಲಿಂದ ಹತ್ತಿಕೊಂಡಿತು. ಕೊನೆಯ ಆ ಬ್ರೇಕ್ ಹಾಕುವ ಹೆಜ್ಜೆಗೆ ಅತ್ತೆ ಜೋರಾಗಿ ನಕ್ಕು ‘ಇನ್ನೊಂದ್ಸಲ ಹಾಕು’ ಅಂದರು. ಮಾವ ಏನೂ ಹೇಳಲಿಲ್ಲ, ಆದರೆ ಬೆಳಿಗ್ಗೆ ಎದ್ದಾಗ ತಾವೇ ಬಗ್ಗಿ ಮಂಚದ ಕೆಳಗಿನ ಜಾಗ ಒರೆಸುತ್ತಿದ್ದರು.

ಈಗ ಸಮಸ್ಯೆ ಒಂದೇ. ಮಾವನ ಹಳೇ 16 ಎಂ.ಎಂ. ಪ್ರೊಜೆಕ್ಟರ್ ತಿರುಗುತ್ತೆ, ಚಿತ್ರ ಬರುತ್ತೆ, ಸದ್ದು ಬರೋದಿಲ್ಲ. ಸೌಂಡಿಗೆ ಅಂತ ಇರುವ ಸಣ್ಣ ಬಲ್ಬ್ ಹೋಗಿದೆ ಅಂತಾರೆ. ಅದು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ?

---

ಗುಜರಿಅಂಗಡಿ

ಎಕ್ಸೈಟರ್ ಲ್ಯಾಂಪ್ ಅಂತಾರೆ ಅದಕ್ಕೆ. ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಸುಟ್ಟ ಬಲ್ಬನ್ನು ಜೊತೆಗೇ ತಗೊಂಡು ಹೋಗಿ ತೋರಿಸಿ, ಬಾಯಲ್ಲಿ ಹೇಳಿದರೆ ಸ್ಕೂಟರ್ ಬಲ್ಬ್ ಕಟ್ಟಿ ಕಳಿಸ್ತಾರೆ. ಮತ್ತೆ ಆ ಶನಿವಾರ ಯಾವಾಗ ಅಂತ ಹೇಳಿ, ನಾನು ಬನಶಂಕರಿಯಲ್ಲೇ ಇರೋದು.